ಹನ್ನೆರಡು ಡಿಗ್ರಿ ದೋಷ

ನಮ್ಮ ಭಾವ ಹೊಲಿದ ಬಟ್ಟೆ ಯಾರಿಗಾದರೂ ಸರಿಯಾಗಿ ಕೂರದಿದ್ದರೆ ತಪ್ಪು ಬಟ್ಟೆಯದಲ್ಲ, ಮೈಯದು. ಇದು ಅವರ ಟೈಲರ್ ಅಂಗಡಿಯ ಕಾನೂನು. ಇಪ್ಪತ್ತಾರು ವರ್ಷಗಳಿಂದ ಜಾರಿಯಲ್ಲಿದೆ.

ಬೇಕರಿ ಯಜಮಾನರು ಒಮ್ಮೆ ಪ್ಯಾಂಟಿನ ಎಡಗಾಲು ನೆಲ ಗುಡಿಸುತ್ತಿದೆ ಎಂದು ದೂರು ತಂದರು. ಭಾವ ಅವರನ್ನು ಕನ್ನಡಿ ಮುಂದೆ ನಿಲ್ಲಿಸಿದರು. ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ನೋಡಿ, ದನಿ ತಗ್ಗಿಸಿ, "ಯಜಮಾನ್ರೇ, ನಿಮ್ಮ ಎಡಗಾಲು ಅರ್ಧ ಇಂಚು ಗಿಡ್ಡ. ಮನೇಲಿ ಯಾರೂ ಇಷ್ಟು ದಿನ ಹೇಳ್ಲಿಲ್ವಾ?" ಎಂದು ಕೇಳಿದರು. ಯಜಮಾನರು ಮುಖ ಸಪ್ಪಗೆ ಮಾಡಿಕೊಂಡು ಹೋಗಿ ಎಡಗಾಲಿನ ಬೂಟಿಗೆ ದಪ್ಪನೆಯ ಅಟ್ಟೆ ಹಾಕಿಸಿಕೊಂಡರು. ಅಂದಿನಿಂದ ಪ್ಯಾಂಟು ಸರಿಯಾಗಿದೆ, ಯಜಮಾನರು ಕುಂಟುತ್ತಾರೆ. ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೂ ತಮ್ಮ ಬಲಭುಜ ಜೋತುಬಿದ್ದಿದೆ ಎಂಬ ಸತ್ಯ ಗೊತ್ತಾದದ್ದು ಭಾವನ ಹತ್ತಿರ ಕೋಟು ಹೊಲಿಸಿದ ದಿನವೇ. ಆರು ವರ್ಷದಿಂದ ಅವರು ಬಲಭುಜವನ್ನು ಕಿವಿಯ ಕಡೆಗೆ ಎತ್ತಿಕೊಂಡೇ ಓಡಾಡುತ್ತಿದ್ದಾರೆ.

ಹೀಗೆ ಗಿರಾಕಿಗಳೆಲ್ಲ ತಂತಮ್ಮ ಮೈ ರಿಪೇರಿ ಮಾಡಿಕೊಂಡದ್ದರಿಂದ ಅಂಗಡಿಗೆ ಒಂದು ಬಟ್ಟೆಯೂ ವಾಪಸು ಬಂದಿರಲಿಲ್ಲ. ಈ ಸಂಗತಿಯನ್ನು ಭಾವ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ನಾನು ಊಟಕ್ಕೆ ಹೋದ ದಿನ ನಾಲ್ಕು ಸಲ.

ನಾನು ಅವರ ಹೆಂಡತಿಯ ತಮ್ಮ, ಕಾಲೇಜಿನ ಕ್ರೀಡಾ ವಿಭಾಗದ ಗುಮಾಸ್ತ. ಚೆಂಡು ಎಷ್ಟಿವೆ, ಎಷ್ಟು ಕಳೆದವು, ಕಳೆದದ್ದಕ್ಕೆ ಯಾರು ಸಹಿ ಹಾಕಿದರು ಎಂದು ಬರೆದಿಡುವುದು ನನ್ನ ಕೆಲಸ. ಈ ಹುದ್ದೆಗೆ ಆಟ ಗೊತ್ತಿರಬೇಕೆಂಬ ನಿಯಮವಿಲ್ಲ. ಹಾಗಾಗಿಯೇ ಹದಿನೈದು ವರ್ಷ ಉಳಿದುಕೊಂಡಿದ್ದೇನೆ.

ಅಕ್ಕ-ಭಾವನಿಗೆ ಒಬ್ಬಳೇ ಮಗಳು, ಪುಟ್ಟಿ. ಐದು ಅಡಿ ಎಂಟು ಇಂಚು ಇದ್ದಾಳೆ, ಆದರೂ ಪುಟ್ಟಿ. ನಮ್ಮ ಕಾಲೇಜಿನ ಸಾಫ್ಟ್‌ಬಾಲ್ ತಂಡದ ಪಿಚರ್ ಅವಳೇ, ಅಂದರೆ ಎದುರಾಳಿ ಬ್ಯಾಟು ಹಿಡಿದವಳಿಗೆ ಚೆಂಡು ಎಸೆಯುವವಳು. ಎಸೆಯುವುದೆಂದರೆ ನಾವು ನೀವು ಮಾವಿನಮರಕ್ಕೆ ಕಲ್ಲು ಬೀಸಿದ ಹಾಗಲ್ಲ. ಕೈಯನ್ನು ಮುಂದಿನಿಂದ ಮೇಲಕ್ಕೊಯ್ದು, ಹಿಂದಿನಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಲ್ಲಿ ಚೆಂಡನ್ನು ಬಿಡಬೇಕು. ಕೈ ಸುತ್ತುವಾಗ ಸೊಂಟ ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ತಿರುಗಿರಬೇಕು, ಚೆಂಡು ಹೋಗುವ ಹೊತ್ತಿಗೆ ಮುಚ್ಚಿಕೊಳ್ಳುತ್ತಿರಬೇಕು. ಬೇಗ ಮುಚ್ಚಿದರೆ ಕೈ ಸೊಂಟಕ್ಕೆ ತಾಗುತ್ತದೆ. ತಡವಾದರೆ ಚೆಂಡು ತನಗೆ ತೋಚಿದ ಕಡೆ ಹೋಗುತ್ತದೆ. ಇದನ್ನು ಕೋಚ್ ಮೇಡಂ ನನಗೆ ನಾಲ್ಕು ಸಲ ವಿವರಿಸಿದ್ದಾರೆ. ಪುಟ್ಟಿ ಮಾತ್ರ ಯಾರೂ ವಿವರಿಸದೆಯೇ ಮೂರು ವರ್ಷ ಚೆನ್ನಾಗಿ ಮಾಡುತ್ತಿದ್ದಳು.

ಹಿಂದಿನ ಎರಡು ವರ್ಷವೂ ನಮ್ಮವರು ಫೈನಲ್‌ಗೆ ಹೋಗಿ, ನದಿಯಾಚೆಯ ಕಾಲೇಜಿನ ಕೈಲಿ ಒಂದೊಂದೇ ರನ್ನಿನಿಂದ ಸೋತು ಬಂದಿದ್ದರು. ಈ ವರ್ಷ ಮತ್ತೆ ಅವರೇ ಎದುರು. ಪುಟ್ಟಿಗೆ ಇದು ಕೊನೆಯ ವರ್ಷ. ಪರೀಕ್ಷೆ ಮುಗಿದರೆ ತಂಡವೂ ಇಲ್ಲ, ಮೈದಾನವೂ ಇಲ್ಲ. "ಮಾಮ, ಈ ಒಂದು ಫೈನಲ್ ನಾನು ಎಸೀಬೇಕು. ಗೆಲ್ಲೋದು ಸೋಲೋದು ಆಮೇಲಿನ ಮಾತು," ಎಂದು ನನ್ನ ಮೇಜಿನ ಮುಂದೆ ನಿಂತು ಹೇಳಿದ್ದಳು. ಎಸೆಯದೆ ಏನಮ್ಮಾ, ನಿನ್ನ ಬಿಟ್ಟರೆ ಯಾರಿದ್ದಾರೆ ಎಂದು ನಾನು ಧಾರಾಳವಾಗಿ ಭರವಸೆ ಕೊಟ್ಟಿದ್ದೆ.

ಫೈನಲ್‌ಗೆ ತಿಂಗಳಿರುವಾಗ ತಂಡಕ್ಕೆ ಹೊಸ ಯೂನಿಫಾರಂ ಬೇಕಾಯಿತು. ನೀಲಿ ಪ್ಯಾಂಟು, ಎರಡೂ ಪಕ್ಕಕ್ಕೆ ಸೊಂಟದಿಂದ ಪಾದದವರೆಗೆ ಹಳದಿ ಪಟ್ಟಿ. ಹದಿನೇಳು ಜೊತೆ. ಹದಿನಾರನ್ನು ಅಂಗಡಿಯ ಕೆಲಸಗಾರರು ಹೊಲಿದರು. ಹದಿನೇಳನೆಯದನ್ನು ಭಾವ ಯಾರ ಕೈಗೂ ಕೊಡಲಿಲ್ಲ. "ಮಗಳದ್ದು ನಾನೇ ಹೊಲೀತೀನಿ," ಎಂದು ಮಿಶಿನ್ ಮುಂದೆ ಕೂತರು.

ಹೊಸ ಬಟ್ಟೆಯಲ್ಲಿ ಮೊದಲ ಅಭ್ಯಾಸದ ದಿನ ಭಾವ ಮೈದಾನಕ್ಕೆ ಬಂದರು. ಕೋಚ್ ಮೇಡಂ ಚೆಂಡು ಹಿಡಿಯುವ ಕ್ಯಾಚರ್ ಹಿಂದಿನ ಬಲೆಯ ಹತ್ತಿರ ಮೂರು ಕಾಲಿನ ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸಿ, ಪುಟ್ಟಿ ಎಸೆಯುವುದನ್ನು ನಿಧಾನಗತಿಯಲ್ಲಿ ಚಿತ್ರಿಸಿಕೊಳ್ಳುತ್ತಿದ್ದರು. ಆಮೇಲೆ ಅದನ್ನು ನಮ್ಮ ಕಚೇರಿಯ ಕಂಪ್ಯೂಟರಿಗೆ ಹಾಕಿ, ಮೈ ಮೇಲೆ ಗೆರೆ ಎಳೆದು, ಕೋನ ಅಳೆಯುವುದು ಅವರ ಪದ್ಧತಿ. ಮೇಡಂ ನಗುವುದಿಲ್ಲ, ಮಾತೂ ಕಡಿಮೆ. ಕೊರಳಲ್ಲಿ ಸೀಟಿ ಇದೆಯಲ್ಲ, ಅದು ಸಾಕು.

ಕಚೇರಿಗೆ ಬಂದ ಮೇಲೆ ಭಾವ ಕಂಪ್ಯೂಟರ್ ಪರದೆಯ ಮೇಲೆ ಪುಟ್ಟಿಯ ಚಿತ್ರ ಕಂಡದ್ದೇ ಹತ್ತಿರ ಹೋದರು. ಕತ್ತು ಓರೆ ಮಾಡಿದರು. ಕೊರಳಿನ ಟೇಪನ್ನು ಸರಿಮಾಡಿಕೊಂಡರು.

"ಬಲಗಡೆ ಸೊಂಟ ಅವಸರ ಮಾಡ್ತಿದೆ," ಎಂದರು.

ಮೇಡಂ ತಿರುಗಿ ನೋಡಿದರು. "ಏನಂದ್ರಿ?"

"ಕೈ ಇನ್ನೂ ಕೆಳಗೆ ಬಂದಿಲ್ಲ, ಸೊಂಟ ಆಗ್ಲೇ ಮುಂದಕ್ಕೆ ಬಂದ್ಬಿಟ್ಟಿದೆ. ನೋಡಿ, ಮುಕ್ಕಾಲು ಇಂಚು ಆದ್ರೂ ಇದೆ."

ಮೇಡಂ ಪ್ಯಾಂಟಿನ ಹಳದಿ ಪಟ್ಟಿಯ ಗುಂಟ ಗೆರೆ ಎಳೆದು, ಕೋನ ತೆಗೆದರು. ಹನ್ನೆರಡು ಡಿಗ್ರಿ. ಉಳಿದ ಹುಡುಗಿಯರನ್ನೆಲ್ಲ ಅಳೆದರು. ಯಾರಿಗೂ ಇಲ್ಲ. ಕುರ್ಚಿಯಿಂದ ಎದ್ದುನಿಂತು, "ಸರ್, ಮೂರು ವರ್ಷದಿಂದ ನಂಗಿದು ಕಂಡೇ ಇಲ್ಲ. ನೀವು ಬರಿಗಣ್ಣಲ್ಲಿ ಹೇಳ್ಬಿಟ್ರಲ್ಲ!" ಎಂದರು.

"ಇಪ್ಪತ್ತಾರು ವರ್ಷ ಮೇಡಂ," ಎಂದು ಭಾವ ಶುರುಮಾಡಿದರು. ಮುಂದಿನದ್ದು ನಿಮಗೆ ಗೊತ್ತೇ ಇದೆ.

ಮರುದಿನದಿಂದ ಭಾವ ತಂಡದ ವಿಶ್ಲೇಷಕರಾದರು. ಕ್ರೀಡಾ ವಿಭಾಗದಿಂದ ಅವರಿಗೊಂದು ಗುರುತಿನ ಚೀಟಿ ಸಿಕ್ಕಿತು. ಬೆರಳಚ್ಚು ಮಾಡಿದವನು ನಾನೇ. ಅದನ್ನು ಅವರು ಅಂಗಡಿಯಲ್ಲಿ, ಊಟದ ಮೇಜಿನಲ್ಲಿ, ತರಕಾರಿ ತರಲು ಹೋದಾಗ, ಎಲ್ಲ ಕಡೆಯೂ ಹಾಕಿಕೊಂಡರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಮ್ಮ ನಡಿಗೆ ನೋಡಿಸಿಕೊಂಡು ಹೋದರು. ಡ್ರೈವಿಂಗ್ ಸ್ಕೂಲಿನವರು ಬಂದು, "ನಮ್ಮ ಒಬ್ಬರು ಕಲಿಯೋರು ಎಷ್ಟು ಹೇಳಿದ್ರೂ ಬಲಕ್ಕೇ ಎಳೀತಾರೆ, ಸ್ವಲ್ಪ ಅವರ ಸೊಂಟ ನೋಡ್ತೀರಾ?" ಎಂದು ಕೇಳಿದರು. ಭಾವನ ಸ್ವಂತ ಅಣ್ಣ ಬೇರೆ ಊರಿನಿಂದ ಫೋನು ಮಾಡಿ ಬೆನ್ನುನೋವಿನ ವಿವರ ಕೊಟ್ಟರು. ಭಾವ ಯಾರಿಗೂ ಇಲ್ಲ ಎನ್ನಲಿಲ್ಲ. ಅಕ್ಕ ಒಬ್ಬಳೇ, "ಮನೇಲಿ ಕಿಟಕಿ ಪರದೆ ಒಂದು ಕಡೆ ಗಿಡ್ಡ ಆಗಿದೆ, ಅದರ ಸೊಂಟ ಯಾವಾಗ ನೋಡ್ತೀರಿ?" ಎಂದಳು. ಕಿಟಕಿಯೇ ಸೊಟ್ಟ ಎಂದು ಭಾವ ಉತ್ತರ ಕೊಟ್ಟರು.

ಇತ್ತ ಮೈದಾನದಲ್ಲಿ ಪುಟ್ಟಿಯ ಸೊಂಟಕ್ಕೆ ಚಿಕಿತ್ಸೆ ಆರಂಭವಾಯಿತು. "ಇನ್ನೂ ತೆರೆದಿಡು! ಇನ್ನೂ!" ಎಂದು ಮೇಡಂ ಒಂದು ಕಡೆಯಿಂದ, "ಅವಸರ ಮಾಡ್ಬೇಡ ಮಗಳೇ!" ಎಂದು ಭಾವ ಇನ್ನೊಂದು ಕಡೆಯಿಂದ. ಹುಡುಗಿ ಹಲ್ಲು ಕಚ್ಚಿ ಹೇಳಿದ ಹಾಗೇ ಮಾಡಿದಳು. ಮೊದಲ ವಾರ ಚೆಂಡು ಬ್ಯಾಟರ್ ತಲೆಯ ಮೇಲಿನಿಂದ ಹೋಯಿತು. ಎರಡನೆಯ ವಾರ ಕ್ಯಾಚರ್ ಹುಡುಗಿ ಕೂತಲ್ಲಿ ಕೂರುವುದನ್ನು ಬಿಟ್ಟು ಓಡಾಡಿಕೊಂಡಿರಲು ಶುರುಮಾಡಿದಳು. ಮೂರನೆಯ ವಾರ ಒಂದು ಚೆಂಡು ಬಲೆ ದಾಟಿ, ದಾರಿ ದಾಟಿ, ಕ್ರೀಡಾ ನಿರ್ದೇಶಕರು ಕೈಯಲ್ಲಿ ಹಿಡಿದಿದ್ದ ಟೀ ಕಪ್ಪಿನ ಹಿಡಿಯನ್ನಷ್ಟೇ ಅವರ ಬೆರಳಲ್ಲಿ ಬಿಟ್ಟು ಮುಂದೆ ಹೋಯಿತು. ನಿರ್ದೇಶಕರು ಸಭ್ಯರು. ಹಿಡಿಯನ್ನು ತಟ್ಟೆಯಲ್ಲಿಟ್ಟು, "ಇದು ಸುಧಾರಣೆಯಾ?" ಎಂದು ಕೇಳಿದರು.

"ಹಳೇ ಚಟ ಬಿಡುವಾಗ ಹೀಗಾಗುತ್ತೆ," ಎಂದರು ವಿಶ್ಲೇಷಕರು.

ಆ ಶನಿವಾರ ಮಧ್ಯಾಹ್ನ ಭಾವ ನನಗೆ ಫೋನು ಮಾಡಿದರು. "ಅಂಗಡಿಗೆ ಬಾ. ಹಿಂದಿನ ಬಾಗಿಲಿಂದ ಬಾ," ಎಂದರು. ಹೋದರೆ ಮುಂದಿನ ಬಾಗಿಲು ಅರ್ಧ ಎಳೆದಿದೆ, ಕೆಲಸಗಾರರು ಊಟಕ್ಕೆ ಹೋಗಿದ್ದಾರೆ, ಭಾವ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದಾರೆ. ಮೇಜಿನ ಮೇಲೆ ಪುಟ್ಟಿಯ ನೀಲಿ ಪ್ಯಾಂಟು. ಇಸ್ತ್ರಿಗೆ ಬಂದಿತ್ತಂತೆ.

"ಏನಾಯ್ತು ಭಾವ?"

ಅವರು ಬಲಗಾಲಿನ ಹಳದಿ ಪಟ್ಟಿಯ ಮೇಲೆ ಸ್ಕೇಲು ಇಟ್ಟರು. ಸೊಂಟದಲ್ಲಿ ಪಟ್ಟಿ ಸರಿಯಾಗಿತ್ತು. ಜೇಬು ದಾಟಿದ ಮೇಲೆ ಮೆಲ್ಲಗೆ ಮುಂದಕ್ಕೆ ಸರಿದು, ತೊಡೆಯ ಹತ್ತಿರ ಮುಕ್ಕಾಲು ಇಂಚು ಆಚೆ ಹೋಗಿತ್ತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೇಡಂ ಅಳೆದದ್ದು ಸೊಂಟವನ್ನಲ್ಲ, ಪಟ್ಟಿಯನ್ನು. ಹುಡುಗಿ ನೆಟ್ಟಗೇ ಇದ್ದಳು, ಪಟ್ಟಿ ಸೊಟ್ಟ. ಗೆರೆ ಸೊಟ್ಟ ಕಂಡಾಗ ಭಾವನಿಗೆ ಇದ್ದದ್ದು ಎರಡೇ ದಾರಿ, ಬಟ್ಟೆ ಸೊಟ್ಟ ಇಲ್ಲವೇ ಮೈ ಸೊಟ್ಟ. ಬಟ್ಟೆ ಹೊಲಿದದ್ದು ತಾವೇ ಆದ್ದರಿಂದ ಮೈಯೇ ಸೊಟ್ಟ ಎಂದು ತೀರ್ಮಾನಿಸಿದ್ದರು. ಹೆತ್ತ ಮಗಳು ಎಂದು ಸಹ ನೋಡಿರಲಿಲ್ಲ.

"ಇದು ಹೇಗಾಯ್ತು?"

"ಅವತ್ತು ಪೋಸ್ಟ್ ಆಫೀಸಿನವರು ಬಂದು ಕೂತಿದ್ರು. ನೇರ ಹೊಲಿಗೆ ಹಾಕೋದು ಹೇಗೆ ಅಂತ ಅವರಿಗೆ ವಿವರಿಸ್ತಾ ಇದ್ದೆ," ಎಂದರು ಭಾವ.

ನಾನು ಕುರ್ಚಿ ಎಳೆದುಕೊಂಡು ಕೂತೆ. ಮೇಡಂಗೆ ಈಗಲೇ ಹೇಳಿಬಿಡೋಣ ಎಂದೆ. ಭಾವ ಬೆಚ್ಚಿಬಿದ್ದರು. "ಹೇಳೋದಾ! ಹುಚ್ಚಾ ನಿಂಗೆ? ಪಟ್ಟಿ ಬಿಚ್ಚಿ ನೆಟ್ಟಗೆ ಹಾಕ್ಬಿಡ್ತೀನಿ. ಸೋಮವಾರ ಅಳೆದ್ರೆ ಸೊನ್ನೆ ಬರುತ್ತೆ. ವಾಸಿಯಾಯ್ತು ಅಂತಾರೆ. ಹುಡುಗಿಗೂ ನೆಮ್ಮದಿ, ನಂಗೂ ಮರ್ಯಾದೆ." ಕೇಳಲು ಚೆನ್ನಾಗಿಯೇ ಇತ್ತು. ಯೂನಿಫಾರಂ ಕೆಲಸ ಭಾವನಿಗೆ ಕೊಡಿಸಿದವನು ನಾನೇ ಆದ್ದರಿಂದ ಇನ್ನೂ ಚೆನ್ನಾಗಿ ಕೇಳಿಸಿತು. ಅರ್ಧ ಗಂಟೆಯಲ್ಲಿ ಪಟ್ಟಿ ದಾರದಂತೆ ನೆಟ್ಟಗಾಯಿತು.

ಸೋಮವಾರ ಪುಟ್ಟಿ ಅದೇ ಪ್ಯಾಂಟು ಹಾಕಿ ಎಸೆದಳು. ಮೇಡಂ ಗೆರೆ ಎಳೆದರು. ಕನ್ನಡಕ ತೆಗೆದು ಒರೆಸಿ ಮತ್ತೆ ಎಳೆದರು. ಹನ್ನೆರಡು ಡಿಗ್ರಿ, ಈ ಸಲ ಇನ್ನೊಂದು ಕಡೆಗೆ.

ಮೂರು ವಾರ ಆ ಹುಡುಗಿ ಸೊಟ್ಟ ಪಟ್ಟಿ ನೆಟ್ಟಗೆ ಕಾಣಲಿ ಎಂದು ನೆಟ್ಟಗಿದ್ದ ಸೊಂಟವನ್ನು ಸೊಟ್ಟ ಮಾಡಿಕೊಂಡಿದ್ದಳು. ಈಗ ಪಟ್ಟಿ ನೆಟ್ಟಗಾಗಿತ್ತು, ಸೊಂಟ ಸೊಟ್ಟಗೇ ಉಳಿದಿತ್ತು. ಮೇಡಂ ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಒಂದಿನ ಈ ಕಡೆ, ಒಂದಿನ ಆ ಕಡೆ. ಸ್ಥಿರತೆಯೇ ಇಲ್ಲ. ಫೈನಲ್‌ಗೆ ಎರಡನೇ ವರ್ಷದ ಹುಡುಗಿಯನ್ನು ಹಾಕ್ಬೇಕಾಗುತ್ತೆ," ಎಂದರು.

ಪುಟ್ಟಿ ಅಂದು ಮನೆಗೆ ಬಂದು ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು. ನಾನೂ ಅಲ್ಲೇ ಇದ್ದೆ. ಅವಳು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಾಗಿತ್ತು. "ಅಪ್ಪ, ಮೊದಲು ನಂಗೆ ನನ್ನ ಸೊಂಟ ಎಲ್ಲಿದೆ ಅಂತಾನೇ ಗೊತ್ತಿರ್ಲಿಲ್ಲ. ಚೆಂಡು ಹೋಗ್ತಿತ್ತು. ಈಗ ಚೆಂಡು ಬಿಟ್ಟು ಬೇರೆಲ್ಲಾ ಗೊತ್ತು. ನನ್ನಲ್ಲೇ ಏನೋ ದೋಷ ಇದೆ ಅಲ್ವಾ ಅಪ್ಪ? ನೀವು ಮೊದಲ ದಿನಾನೇ ಕಂಡುಹಿಡಿದ್ರಿ," ಎಂದಳು. ಭಾವ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು. ನಾನೂ ಅದನ್ನೇ ಮಾಡಿದೆ. ಹೇಡಿಗಳಿಬ್ಬರು ಒಂದೇ ಮೇಜಿನಲ್ಲಿ ಕೂತರೆ ಊಟ ಹೀಗೇ ಆಗುತ್ತದೆ.

ಬುಧವಾರ ಪ್ರಿನ್ಸಿಪಾಲರ ಕೊಠಡಿಯಲ್ಲಿ ಸಭೆ. ಪ್ರಿನ್ಸಿಪಾಲರು, ನಿರ್ದೇಶಕರು, ಮೇಡಂ, ವಿಶ್ಲೇಷಕರಾಗಿ ಭಾವ, ಬಾಗಿಲ ಹತ್ತಿರ ಪುಟ್ಟಿ, ನಡಾವಳಿ ಬರೆಯಲು ನಾನು. ಮೂರು ವರ್ಷ ಆಡಿದವಳನ್ನು ಫೈನಲ್‌ನಿಂದ ಕೈಬಿಡಬೇಕಾದರೆ ಕಾರಣ ಲಿಖಿತವಾಗಿ ಬೇಕು. ಕಾರಣವನ್ನು ನಾನೇ ಬೆರಳಚ್ಚು ಮಾಡಿ ತಂದಿದ್ದೆ: 'ಆಟಗಾರ್ತಿಯ ಸೊಂಟದ ಚಲನೆಯಲ್ಲಿ ಹನ್ನೆರಡು ಡಿಗ್ರಿ ದೋಷ.' ಕೆಳಗೆ ವಿಶ್ಲೇಷಕರ ಸಹಿಗೆ ಜಾಗ.

ಭಾವ ಪೆನ್ನು ತೆಗೆದುಕೊಂಡರು. ಪುಟ್ಟಿ ನೆಲ ನೋಡುತ್ತಿದ್ದಳು. ಭಾವ ಪೆನ್ನು ಕೆಳಗಿಟ್ಟರು.

"ದೋಷ ಅವಳದ್ದಲ್ಲ. ನಂದು. ಪಟ್ಟಿ ಸೊಟ್ಟ ಹೊಲಿದಿದ್ದೆ," ಎಂದರು.

ಪ್ರಿನ್ಸಿಪಾಲರು ಎದ್ದು ಬಂದು, ಎತ್ತಿದ ಬಲಭುಜದ ಸಮೇತ, ಭಾವನ ಬೆನ್ನು ಸವರಿದರು. "ತಂದೆಯ ಕರುಳು! ಅರ್ಥವಾಗುತ್ತೆ. ಆದ್ರೆ ಮಗಳಿಗೋಸ್ಕರ ನಿಮ್ಮ ಹೆಸರಿಗೆ ಮಸಿ ಬಳ್ಕೋಬೇಡಿ. ಇಪ್ಪತ್ತಾರು ವರ್ಷದಲ್ಲಿ ಒಂದು ಬಟ್ಟೆ ವಾಪಸು ಬಂದಿಲ್ಲ. ನೀವು ಸೊಟ್ಟ ಹೊಲಿಯೋದುಂಟೇ?"

"ಹೊಲಿದೆ ಸಾರ್!"

"ಸಾಧ್ಯವಿಲ್ಲ."

"ಅಯ್ಯೋ, ನಾನೇ ಹೇಳ್ತಾ ಇದ್ದೀನಲ್ಲ ಸಾರ್, ನಂಗೆ ಹೊಲಿಯಕ್ಕೆ ಬರ್ಲಿಲ್ಲ ಅಂತ!"

"ನಿಮ್ಮ ವಿನಯ ದೊಡ್ಡದು," ಎಂದರು ನಿರ್ದೇಶಕರು.

ಮೇಡಂ ಚೀಲದಿಂದ ಪ್ಯಾಂಟು ತೆಗೆದು ಮೇಜಿನ ಮೇಲೆ ಹರಡಿದರು. ಪಟ್ಟಿ ನೆಟ್ಟಗಿತ್ತು. ನೆಟ್ಟಗೆ ಮಾಡಿದವರು ಯಾರೆಂದು ಸಭೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ನಡಾವಳಿ ಬರೆಯುತ್ತಿದ್ದ. ಭಾವ ನನ್ನ ಮುಖ ನೋಡಿದರು. ನಾನು ಹದಿನೈದು ವರ್ಷದ ನೌಕರಿಯನ್ನು ಒಮ್ಮೆ ನೆನೆದು, "ಹೌದು ಸಾರ್. ಶನಿವಾರ ಬಿಚ್ಚಿ ಸರಿಮಾಡಿದ್ದು ನನ್ನ ಕಣ್ಣೆದುರಿಗೇ," ಎಂದೆ.

"ಸೋದರಮಾವ ಬೇರೆ," ಎಂದು ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟರು.

ಆಗ ಭಾವನಿಗೆ ಏನು ಬಂತೋ, ಪ್ಯಾಂಟನ್ನು ಬಾಚಿಕೊಂಡು ಕಿಟಕಿಗೆ ಓಡಿದರು. ಬಲಗಾಲಿನೊಳಗೆ ಕೈ ತೂರಿಸಿ, ಬಟ್ಟೆಯನ್ನು ಬಿಸಿಲಿಗೆ ಬಿಗಿಯಾಗಿ ಹಿಡಿದರು. "ಬನ್ನಿ, ಎಲ್ಲರೂ ಬನ್ನಿ! ಹೊಲಿಗೆ ಬಿಚ್ಚಬಹುದು, ಸೂಜಿ ತೂತು ಎಲ್ಲಿಗೆ ಹೋಗುತ್ತೆ? ನೋಡಿ!" ನಾಲ್ಕು ತಲೆಗಳು ಕಿಟಕಿಗೆ ಬಗ್ಗಿದವು. ನೀಲಿ ಬಟ್ಟೆಯಲ್ಲಿ, ಪಟ್ಟಿಯ ಪಕ್ಕದಲ್ಲಿ, ಬೆಳಕಿನ ಸಣ್ಣ ಸಣ್ಣ ಚುಕ್ಕೆಗಳ ಸಾಲೊಂದು ಜೇಬಿನಿಂದ ಹೊರಟು ಓರೆಯಾಗಿ ಕೆಳಗಿಳಿದಿತ್ತು. ಮೇಡಂ ಟೇಪು ಕೇಳಿ ಇಸಿದುಕೊಂಡು ಅಳೆದರು. ಮುಕ್ಕಾಲು ಇಂಚು. ತೊಡೆಯ ಸುತ್ತಳತೆ ಅಳೆದು, ಕಾಗದದಲ್ಲಿ ಲೆಕ್ಕ ಮಾಡಿದರು.

"ಹನ್ನೆರಡು ಡಿಗ್ರಿ," ಎಂದರು. ಆಮೇಲೆ ಪುಟ್ಟಿಯ ಕಡೆ ತಿರುಗಿ, "ತಪ್ಪಾಯ್ತಮ್ಮ. ನಾನು ನಿನ್ನ ನೋಡ್ಲೇ ಇಲ್ಲ, ಪಟ್ಟಿ ನೋಡ್ತಾ ಕೂತೆ," ಎಂದರು.

ಪ್ರಿನ್ಸಿಪಾಲರು ಗೋಡೆಯ ಕನ್ನಡಿಯ ಮುಂದೆ ಹೋಗಿ ಕೋಟು ಬಿಚ್ಚಿದರು. ಬಲಭುಜವನ್ನು ನಿಧಾನವಾಗಿ, ಒಂದೊಂದೇ ಇಂಚು, ಕೆಳಗೆ ಬಿಟ್ಟರು. ಅದು ಎಡಭುಜದ ಸಮಕ್ಕೆ ಬಂದು ನಿಂತಿತು. "ಆರು ವರ್ಷ," ಎಂದು ಯಾರಿಗೂ ಅಲ್ಲದೆ ಹೇಳಿಕೊಂಡರು. ಕೋಟನ್ನು ಮಡಿಸಿ ಭಾವನ ಕೈಗೆ ಕೊಟ್ಟರು. ನಡಾವಳಿಯಲ್ಲಿ ಇದನ್ನು ಯಾವ ಕಲಮಿನಡಿ ಬರೆಯಬೇಕೆಂದು ನನಗೆ ಈಗಲೂ ತಿಳಿದಿಲ್ಲ.

ಸುದ್ದಿ ನನಗಿಂತ ಮೊದಲೇ ಪೇಟೆ ಸೇರಿತ್ತು. ಗುರುವಾರ ಬೆಳಿಗ್ಗೆ ಅಂಗಡಿ ಮುಂದೆ ಸಾಲು. ಎಲ್ಲರ ಕಂಕುಳಲ್ಲೂ ಒಂದೊಂದು ಗಂಟು. ಮೊದಲು ಬೇಕರಿ ಯಜಮಾನರು, ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಬೂಟಿನ ಅಟ್ಟೆ. ಅವರ ಹಿಂದೆ ಪೋಸ್ಟ್ ಆಫೀಸಿನವರು, ಅವರ ಹಿಂದೆ ನಿವೃತ್ತ ಮೇಷ್ಟ್ರು. ಭಾವ ಒಂದು ಮಾತೂ ಎದುರಾಡದೆ ಎಲ್ಲ ತೆಗೆದುಕೊಂಡು ಚೀಟಿ ಅಂಟಿಸಿದರು. ಸಾಲಿನ ಕೊನೆಯಲ್ಲಿ ಅಕ್ಕ ಕಿಟಕಿ ಪರದೆ ಹಿಡಿದು ನಿಂತಿದ್ದಳು.

ಫೈನಲ್‌ಗೆ ಉಳಿದದ್ದು ಎರಡು ದಿನ. ಮೇಡಂ ಸ್ಟ್ಯಾಂಡು, ಮೊಬೈಲು ಎರಡನ್ನೂ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು. ಪುಟ್ಟಿಗೆ ಪಟ್ಟಿಯಿಲ್ಲದ ಹಳೆಯ ಪ್ಯಾಂಟು ಹಾಕಿಸಿ, "ಏನೂ ಯೋಚಿಸ್ಬೇಡ, ಸುಮ್ನೆ ಎಸಿ," ಎಂದರು. ಎಸೆದಳು. ಗುರುವಾರ ಹತ್ತಕ್ಕೆ ನಾಲ್ಕು ಸರಿಹೋದವು, ಶುಕ್ರವಾರ ಏಳು. ಎರಡನೇ ವರ್ಷದ ಹುಡುಗಿ ಹತ್ತಕ್ಕೆ ಎಂಟು ಎಸೆಯುತ್ತಿದ್ದಳು. ಆದರೂ ಮೇಡಂ ಆಟಗಾರ್ತಿಯರ ಪಟ್ಟಿಯಲ್ಲಿ ಪುಟ್ಟಿಯ ಹೆಸರನ್ನೇ ಬರೆದರು.

ಶನಿವಾರ ಏಳನೆಯ ಇನಿಂಗ್ಸ್, ಅಂದರೆ ಕೊನೆಯದು. ನಾವು ಒಂದು ರನ್ ಮುಂದೆ. ಅವರಲ್ಲಿ ಇಬ್ಬರು ಔಟಾಗಿದ್ದರು, ಆದರೆ ಮೂರು ಬೇಸುಗಳಲ್ಲೂ ಮೂವರು ನಿಂತಿದ್ದರು. ಪುಟ್ಟಿ ಆಗಲೇ ಮೂರು ಚೆಂಡು ಹೊರಗೆ ಎಸೆದಿದ್ದಳು. ಎರಡು ಸ್ಟ್ರೈಕ್ ಕೂಡ ಆಗಿದ್ದವು, ಮೂರನೆಯದು ಬಿದ್ದರೆ ಬ್ಯಾಟಿನವಳು ಔಟು, ಆಟ ನಮ್ಮದು. ಇನ್ನೊಂದು ಹೊರಗೆ ಹೋದರೆ ಅವರಿಗೆ ಪುಕ್ಕಟೆ ರನ್ನು, ಆಟ ಸಮ. ಮೇಡಂ ಅಂಪೈರಿಗೆ ಹೇಳಿ ಆಟ ನಿಲ್ಲಿಸಿ, ಬಲೆಯ ಈಚೆ ಕೂತಿದ್ದ ಅಕ್ಕ-ಭಾವ ಮತ್ತು ನನ್ನ ಹತ್ತಿರ ಓಡಿಬಂದರು. ಹಣೆಯ ಮೇಲೆ ಬೆವರು. "ಸರ್, ಮನಸು ತಡೀತಿಲ್ಲ. ನಿಮ್ಮ ಕಣ್ಣಿಗೆ ಹೇಗೆ ಕಾಣ್ತಿದೆ? ಸೊಂಟ ಸರಿಯಿದ್ಯಾ? ಅವಳಿಗೆ ಏನಾದ್ರೂ ಹೇಳ್ಲಾ?" ಎಂದು ಕೇಳಿದರು.

ಪುಟ್ಟಿಯೂ ಅಲ್ಲಿಂದಲೇ ಅಪ್ಪನ ಕಡೆ ನೋಡುತ್ತಿದ್ದಳು.

ಭಾವ ಮಗಳನ್ನು ದಿಟ್ಟಿಸಿದರು. ಕತ್ತು ಓರೆಯಾಗಲು ಹೊರಟಿತ್ತು. ಅದನ್ನು ಕೈಯಿಂದ ಹಿಡಿದು ನೆಟ್ಟಗೆ ಮಾಡಿಕೊಂಡರು. "ನಂಗೆ ಗೊತ್ತಿಲ್ಲ ಮೇಡಂ," ಎಂದರು. ಆಮೇಲೆ ಬಲೆಗೆ ಬಾಯಿಟ್ಟು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು, "ನಂಗೇನೂ ಗೊತ್ತಿಲ್ಲ ಮಗಳೇ! ನಿಂಗೇ ಗೊತ್ತಿರೋದು! ಎಸಿ!"

ಪುಟ್ಟಿ ನಕ್ಕಳು. ಒಂದು ತಿಂಗಳಲ್ಲಿ ಮೊದಲ ಸಲ. ಕೈ ಒಂದು ಸುತ್ತು ಸುತ್ತಿತು. ಚೆಂಡು ನನಗೆ ಕಾಣಲಿಲ್ಲ, ಕ್ಯಾಚರ್ ಗ್ಲೌಸಿನಿಂದ ಸದ್ದು ಮಾತ್ರ ಬಂತು. ಬ್ಯಾಟು ಹಿಡಿದವಳು ಬೀಸಿದ್ದು ಆಮೇಲೆ. ಅಂಪೈರು ಕೈ ಎತ್ತಿದರು. ನಮ್ಮ ಹುಡುಗಿಯರೆಲ್ಲ ಕಿರುಚುತ್ತ ಓಡಿಹೋಗಿ ಪುಟ್ಟಿಯ ಮೇಲೆ ಬಿದ್ದರು, ಮೇಡಂ ಸೀಟಿ ಊದುತ್ತಲೇ ಅತ್ತರು, ನಾನು ಯಾರನ್ನೋ ಅಪ್ಪಿಕೊಂಡೆ. ಆಮೇಲೆ ನೋಡಿದರೆ ನದಿಯಾಚೆ ಕಾಲೇಜಿನ ಗುಮಾಸ್ತರು.

ಇಷ್ಟೆಲ್ಲ ಗದ್ದಲದಲ್ಲಿ ಅಕ್ಕ ಮಾತ್ರ ಆಟದ ಕಡೆ ನೋಡಲೇ ಇಲ್ಲ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದ ಗಂಡನ ಮುಖವನ್ನೇ ನೋಡುತ್ತಿದ್ದಳು. ಕಣ್ಣು ಒರೆಸಿಕೊಂಡು, ಅವರ ತೋಳು ಜಗ್ಗಿ ಹೇಳಿದಳು:

"ರೀ, ಆಗ ಏನೋ ಅಂದ್ರಲ್ಲ, ಗೊತ್ತಿಲ್ಲ ಅಂತ. ಇನ್ನೊಂದು ಸಲ ಅನ್ನಿ."